ಬಾಯಿ ನೋಡದೆ ಮುದ್ರೆ ಒತ್ತದವಳು

ನಮ್ಮ ದೊಡ್ಡಾಸ್ಪತ್ರೆಯ ಗೋಡೆಯ ಮೇಲೊಂದು ಬೋರ್ಡ್ ಇದೆ: ವಸಡಿನ ರೋಗ ಇರುವವರಲ್ಲಿ ಹೃದಯದ ಕಾಯಿಲೆಯೂ ಹೆಚ್ಚಾಗಿ ಕಾಣುತ್ತದೆಯಂತೆ. ಬೋರ್ಡ್ ಬರೆಸಿದವರು ಅದನ್ನು ಮರೆತರು. ನೆನಪಿಟ್ಟುಕೊಂಡವಳು ಹಲ್ಲಿನ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಇಕ್ಕಳ, ಕನ್ನಡಿ ತೊಳೆದು ಕುದಿಸುವ ಆಯಾ. ಎಲ್ಲರೂ ಕರೆಯುವುದು ಹಲ್ಲಕ್ಕ ಎಂದು.

ಹೃದಯದ ಕವಾಟ ಬದಲಾಯಿಸಿಕೊಳ್ಳುವವರು ಮೊದಲು ಇಲ್ಲಿಂದ 'ಬಾಯಿ ಸರಿಯಿದೆ' ಎಂಬ ಚೀಟಿ ಒಯ್ಯಬೇಕು. ವಸಡಿನಲ್ಲಿ ಕೀವಿದ್ದರೆ ಅಲ್ಲಿನ ರೋಗಾಣು ರಕ್ತಕ್ಕಿಳಿದು ಹೊಸ ಕವಾಟದಲ್ಲಿ ಬೀಡು ಬಿಡಬಹುದು. ಬಿಟ್ಟರೆ ಜೀವಕ್ಕೇ ಸಂಚಕಾರ. ನಿಯಮವೇನೋ ಚಿನ್ನದಂಥದು. ನಡೆಯುವುದು ಮಾತ್ರ ಹೀಗೆ: ಡಾಕ್ಟರು ತಲೆಯೆತ್ತದೆ ನೋವಿದೆಯಾ ಎನ್ನುತ್ತಾರೆ, ರೋಗಿ ಇಲ್ಲ ಎನ್ನುತ್ತಾನೆ, ಸಹಿ ಬೀಳುತ್ತದೆ. ವಸಡಿನ ರೋಗ ಎಷ್ಟೋ ಸಲ ನೋಯುವುದೇ ಇಲ್ಲ ಎಂದು ಬರೆದು ಪಾಸಾದವರು ಇವರೇ! ಸಹಿಯ ಮೇಲೆ ಮುದ್ರೆ ಒತ್ತುವ ಕೆಲಸ ಹಲ್ಲಕ್ಕನದು. ಒತ್ತುವ ಮುಂಚೆ ಅವಳು ತಪ್ಪದೆ ಕೇಳುತ್ತಾಳೆ, ಬೆಳಗ್ಗೆ ಹಲ್ಲುಜ್ಜಿ ಉಗುಳಿದ್ದು ಯಾವ ಬಣ್ಣ ಎಂದು.

ಒಂದು ದಿನ ಬಸ್ ಕಂಡಕ್ಟರನೊಬ್ಬ ಹೆಂಡತಿಯೊಡನೆ ಬಂದ. ನಾಲ್ಕು ಮೆಟ್ಟಿಲಿಗೇ ಏದುಸಿರು. ತಿಂಗಳುಗಟ್ಟಲೆ ಕಾದು ಸಿಕ್ಕಿದ ದಿನ, ನಾಡಿದ್ದು ಆಪರೇಷನ್. ಕೇಳಿದ್ದಕ್ಕೆ, ಒಂಚೂರು ಕೆಂಪಿರುತ್ತದೆ, ಹೊಸ ಬ್ರಶ್ಶು ಸ್ವಲ್ಪ ಗಟ್ಟಿ ಎಂದ. ಯಾವ ಹೊಸದು, ಎರಡು ವರ್ಷದ್ದಲ್ಲವಾ ಎಂದ ಹೆಂಡತಿ, ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಹಲ್ಲಕ್ಕ ಮುದ್ರೆಯನ್ನು ಸೊಂಟದ ಚೀಲಕ್ಕೆ ಹಾಕಿಕೊಂಡಳು. ಬಾಯಿ ತೆರೆದು ಡಾಕ್ಟರಿಗೆ ತೋರಿಸಿದರೆ ಮಾತ್ರ ಒತ್ತುವುದು ಎಂದಳು.

"ಪಾತ್ರೆ ತೊಳೆಯೋಳು ನೀನು," ಎಂದಳು ಹೆಂಡತಿ. "ಈ ದಿನ ತಪ್ಪಿ ಇವರಿಗೇನಾದ್ರೂ ಆದ್ರೆ ಯಾರೇ ಹೊಣೆ?"

ಆ ಪ್ರಶ್ನೆ ಅನ್ಯಾಯದ್ದೇನಲ್ಲ.

"ನಾನೇ ಅಂದ್ಕೊಳ್ಳಮ್ಮ. ಆದ್ರೆ ನೋಡ್ದೆ ಒತ್ತಿದ್ರೂ ನಾನೇ ತಾನೆ ಹೊಣೆ?"

ಡಾಕ್ಟರು ರೇಗಿದರು. ರೇಗುತ್ತಲೇ ಎದ್ದು ಬಂದು ಕನ್ನಡಿ ಹಿಡಿದರು. ಕೆಳವಸಡನ್ನು ಒತ್ತಿದರೆ ಕೀವು. ಎರಡು ದವಡೆಹಲ್ಲು ಅಲ್ಲಾಡುತ್ತಿದ್ದವು. ಸಹಿ ಮಾಡಿದ ಚೀಟಿಯನ್ನು ತಾವೇ ಹರಿದರು. ಅಷ್ಟು ಮಾಡಿದ್ದಕ್ಕೆ ಅವರಿಗೂ ನನ್ನದೊಂದು ನಮಸ್ಕಾರ.

ಹೃದಯದ ಡಾಕ್ಟರು ಆಪರೇಷನ್ನನ್ನು ಮೂರು ವಾರ ಮುಂದಕ್ಕೆ ಹಾಕಿ, ಕಂಡಕ್ಟರನನ್ನು ವಾರ್ಡಿನಲ್ಲೇ ಉಳಿಸಿಕೊಂಡರು. ಔಷಧಿ ಕೊಟ್ಟು ಹಲ್ಲು ಕಿತ್ತರು, ವಸಡು ಸ್ವಚ್ಛ ಮಾಡಿದರು. ಹಲ್ಲಕ್ಕ ದಿನಾ ಕೆಲಸ ಮುಗಿಸಿ ಅವನ ಉಸಿರಾಟ ನೋಡಿಬರಲು ಹೋಗುತ್ತಿದ್ದಳು. ಟಿಕೆಟ್ ಇಲ್ಲದೆ ದಿನಾ ಹತ್ತುತ್ತೀಯಲ್ಲ ಎಂದು ಅವನು ನಗುತ್ತಿದ್ದ. ಹೆಂಡತಿ ಮುಖ ತಿರುಗಿಸಿ ಕೂರುತ್ತಿದ್ದಳು. ಒಂದು ರಾತ್ರಿ ಉಸಿರು ಕಟ್ಟಿ ಅವನಿಗೆ ಆಕ್ಸಿಜನ್ ಹಾಕಬೇಕಾಯಿತು. ಮರುದಿನವೇ ಆಸ್ಪತ್ರೆಯ ಕಚೇರಿಯಿಂದ ಹಲ್ಲಕ್ಕನ ಕೈಗೆ ಮೆಮೊ ಬಂತು: ಡಾಕ್ಟರು ಸಹಿ ಮಾಡಿದ್ದನ್ನು ಆಯಾ ತಡೆಯುವಂತಿಲ್ಲ. ಬಾಯಿ ನೋಡದವರಿಗೆ ಮೆಮೊ ಇಲ್ಲ, ನೋಡಿ ಎಂದವಳಿಗೆ ಇದೆ. ಬರೆದ ಕೈಗೆ ನಾಚಿಕೆಯಾಗಬೇಕು.

ಆಪರೇಷನ್ ದಿನ ಅವಳು ರಜೆ ಹಾಕಿ ಥಿಯೇಟರಿನ ಹೊರಗೆ ಕೂತಳು. ಬೆಂಚಿನ ಆ ತುದಿಗೆ ಹೆಂಡತಿ, ಈ ತುದಿಗೆ ಇವಳು. ಐದು ತಾಸು ಇಬ್ಬರೂ ಕದಲಲಿಲ್ಲ. ಕವಾಟ ಚೆನ್ನಾಗಿ ಕೂತಿದೆ ಎಂದು ಡಾಕ್ಟರು ಹೇಳಿ ಹೋದ ಮೇಲೆ ಹೆಂಡತಿ ಕಣ್ಣೊರೆಸಿಕೊಂಡು ಹತ್ತಿರ ಸರಿದಳು.

"ಊಟ ಮಾಡಿದ್ರಾ ಅಕ್ಕ?"

ಇಲ್ಲ ಎಂದಳು ಹಲ್ಲಕ್ಕ.