ಸೀಟಕ್ಕನ ಎಡಗೈ ಶಿಷ್ಯೆ

ಸೀಟಕ್ಕನ ನಿಜವಾದ ಹೆಸರು ಡಿಪೋದ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಮೂವತ್ತೊಂದು ವರ್ಷ ಅವರು ಬಸ್ ಡಿಪೋದ ಹಿಂಬದಿಯ ಷೆಡ್ಡಿನಲ್ಲಿ ಕೂತು ಹರಿದ ಸೀಟುಗಳಿಗೆ ರೆಕ್ಸಿನ್ ಹೊದಿಸಿದರು. ಡ್ರೈವರುಗಳು, ಕಂಡಕ್ಟರುಗಳು, ಮೆಕ್ಯಾನಿಕ್ಕುಗಳು ಎಲ್ಲರಿಗೂ ಅವರು ಸೀಟಕ್ಕ. ಗಂಡ ತೀರಿಕೊಂಡ ಮೇಲೆ ಮಗಳು, ಅಳಿಯನ ಜೊತೆ ಇದ್ದರು. ಅಳಿಯ ಕೂಡ ಒಂದೆರಡು ಸಲ ಬಾಯಿತಪ್ಪಿ ಸೀಟಕ್ಕ ಅಂದುಬಿಟ್ಟಿದ್ದ. ಆಮೇಲೆ ಅದನ್ನು ತಿದ್ದಿಕೊಳ್ಳುವ ಗೋಜಿಗೆ ಅವನೂ ಹೋಗಲಿಲ್ಲ, ಅವರೂ ಕೇಳಲಿಲ್ಲ.

ಅಷ್ಟು ವರ್ಷ ಒಂದೇ ಕೆಲಸ ಮಾಡಿದ್ದರಿಂದ ಅವರಿಗೆ ಹರಿದ ಗಾಯ ನೋಡಿಯೇ ಹರಿದವರ ಬಗ್ಗೆ ಒಂದಿಷ್ಟು ಹೇಳಲು ಬರುತ್ತಿತ್ತು. ಬೀಗದ ಕೈಯಿಂದ ಕೆರೆದದ್ದು ಬೇರೆ, ಚೂರಿಯಿಂದ ತಿವಿದದ್ದು ಬೇರೆ. ನಿವೃತ್ತಿಗೆ ಮುಂಚಿನ ಎರಡು ವರ್ಷ ಮಾತ್ರ ಒಬ್ಬರ ಕೈಚಳಕ ಅವರ ತಲೆ ಕೆಡಿಸಿತ್ತು. ಯಾವಾಗಲೂ ಕೊನೆಯ ಸಾಲು, ಕಿಟಕಿ ಪಕ್ಕದ ಸೀಟು. ಬ್ಲೇಡಿನಿಂದ ಎಳೆದ ಎರಡು ಉದ್ದ ಗೆರೆ, ಸ್ಕೇಲ್ ಇಟ್ಟು ಎಳೆದಷ್ಟು ನೇರ. ಗೆರೆಯ ಓರೆ ನೋಡಿದರೆ ಎಡಗೈಯವರ ಕೆಲಸ ಅನ್ನುವುದು ಖಚಿತವಾಗಿತ್ತು. ಆ ಅನಾಮಿಕನಿಗೆ ಸೀಟಕ್ಕ 'ಡಾಕ್ಟ್ರು' ಅಂತ ಹೆಸರಿಟ್ಟಿದ್ದರು. ಬೆಳಿಗ್ಗೆ ಸೀಟು ಇಳಿಸುವಾಗ ಡಿಪೋದ ಫೋರ್ಮನ್ ಕೂಗುತ್ತಿದ್ದ: "ಸೀಟಕ್ಕಾ, ನಿಮ್ಮ ಡಾಕ್ಟ್ರು ನಿನ್ನೆ ಮತ್ತೆರಡು ಆಪರೇಷನ್ ಮಾಡಿದಾರೆ ನೋಡಿ!" ಸೀಟಕ್ಕ ಬೈಯುತ್ತಲೇ ಸೂಜಿಗೆ ದಾರ ಪೋಣಿಸುತ್ತಿದ್ದರು.

ನಿವೃತ್ತರಾಗಿ ಐದು ತಿಂಗಳಾಗಿತ್ತು. ಹಳೆಯ ಅಂಚೆ ಕಚೇರಿಯ ಕಟ್ಟಡದಲ್ಲಿ ಸುತ್ತಮುತ್ತಲಿನ ಜನ ಸೇರಿ ನಡೆಸುತ್ತಿದ್ದ ತರಬೇತಿ ಕೇಂದ್ರದಿಂದ ಕರೆ ಬಂತು. ಶಾಲೆ ಬಿಟ್ಟವರು, ಮನೆ ಬಿಟ್ಟವರು, ಸಣ್ಣಪುಟ್ಟ ಕೇಸುಗಳಲ್ಲಿ ಸಿಕ್ಕಿಬಿದ್ದು ಕೋರ್ಟಿನಿಂದ ಬಂದವರು, ಇಂಥ ಹರೆಯದವರಿಗೆ ಅಲ್ಲಿ ಆರು ತಿಂಗಳು ಕೆಲಸ ಕಲಿಸುತ್ತಿದ್ದರು. ವೈರಿಂಗ್ ಇತ್ತು, ಬಡಗಿ ಕೆಲಸ ಇತ್ತು. ಸೀಟು, ಸೋಫಾ ಹೊಲಿಯುವುದನ್ನು ಕಲಿಸಲು ಜನ ಬೇಕಿತ್ತು. ಕೇಂದ್ರ ನೋಡಿಕೊಳ್ಳುತ್ತಿದ್ದ ಮೇಡಂ ಮನೆಗೇ ಬಂದು ಕೂತರು.

"ನನಗೆ ಪಾಠ ಮಾಡೋಕೆ ಬರಲ್ಲ ಮೇಡಂ," ಎಂದರು ಸೀಟಕ್ಕ.

"ಪಾಠ ಬೇಡ. ನೀವು ಹೊಲೀರಿ, ಅವರು ನೋಡ್ಲಿ."

ಮಗಳು ಅಡುಗೆಮನೆಯಿಂದಲೇ, "ಹೋಗಮ್ಮ, ಮನೇಲಿ ಕೂತು ನನ್ನ ಪರದೆಗಳನ್ನೆಲ್ಲ ಬಿಚ್ಚಿ ಬಿಚ್ಚಿ ಹೊಲೀತಿದೀಯ," ಎಂದಳು. ಸೀಟಕ್ಕ ಮೂರು ತಿಂಗಳಿಗೆ ಅಂತ ಒಪ್ಪಿಕೊಂಡರು.

ಮೂರು ತಿಂಗಳು ಆರಾಗಿ, ಮೊದಲನೆಯ ತಂಡ ಹೇಗೋ ಮುಗಿಯಿತು. ಎರಡನೆಯ ತಂಡದಲ್ಲಿ ಹನ್ನೊಂದು ಜನ. ಅವರಲ್ಲಿ ಹತ್ತೊಂಬತ್ತರ ಒಬ್ಬ ಹುಡುಗಿ ಇದ್ದಳು. ಗಾಳಿ ಬಂದರೆ ಹಾರಿಹೋಗುವ ಹಾಗಿದ್ದ ಅವಳನ್ನು ಉಳಿದವರು ಕಡ್ಡಿ ಎಂದು ಕರೆಯುತ್ತಿದ್ದರು. ಇಬ್ಬರು ಗೆಳೆಯರ ಜೊತೆ ಅಂಗಡಿಯ ಬೀಗ ಒಡೆದ ಕೇಸಿನಲ್ಲಿ ಕೋರ್ಟು ಅವಳನ್ನು ಇಲ್ಲಿಗೆ ಕಳಿಸಿತ್ತು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಯಾರಾದರೂ ಹಿಂದಿನಿಂದ ಬಂದು ನಿಂತರೆ ಕೆಲಸ ನಿಲ್ಲಿಸಿ, ಅವರು ಹೋಗುವ ತನಕ ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದಳು.

ಮೂರನೆಯ ವಾರ ಸೀಟಿನ ಅಂಚಿಗೆ ಹಾಕುವ ಸಣ್ಣ ಪಟ್ಟಿಗಳನ್ನು ಕತ್ತರಿಸುವ ಕೆಲಸ. ದೊಡ್ಡ ಕತ್ತರಿ ಕಡ್ಡಿಯ ಕೈಯಲ್ಲಿ ರೆಕ್ಸಿನ್ನನ್ನು ಮಡಚುತ್ತಿತ್ತೇ ಹೊರತು ಕತ್ತರಿಸುತ್ತಿರಲಿಲ್ಲ. ಅದು ಬಲಗೈಯವರಿಗೆ ಮಾಡಿದ ಕತ್ತರಿ. ಎರಡು ಸಲ ಪ್ರಯತ್ನಿಸಿ ಅವಳು ಅದನ್ನು ಬದಿಗಿಟ್ಟಳು, ಮೇಜಿನ ಮೇಲಿದ್ದ ಬ್ಲೇಡನ್ನು ಎಡಗೈಯಲ್ಲಿ ಹಿಡಿದು, ಗುರುತು ಹಾಕದೆ, ಸ್ಕೇಲ್ ಇಡದೆ, ಒಂದೇ ಎಳೆತಕ್ಕೆ ಉದ್ದನೆಯ ಪಟ್ಟಿ ಸೀಳಿದಳು. ಅದರ ಪಕ್ಕಕ್ಕೆ ಇನ್ನೊಂದು.

ಸೀಟಕ್ಕ ಮಷೀನಿನ ಪೆಡಲಿನಿಂದ ಕಾಲು ತೆಗೆದರು. ಹತ್ತಿರ ಹೋಗಿ ಪಟ್ಟಿ ಎತ್ತಿ, ಅಂಚಿನ ಓರೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

"ಚೆನ್ನಾಗಿದೆ," ಎಂದಷ್ಟೇ ಹೇಳಿ ವಾಪಸು ಬಂದು ಕೂತರು. ಆ ದಿನ ಅವರು ಎರಡು ಸಲ ಬಾಬಿನ್ನಿಗೆ ತಪ್ಪು ಬಣ್ಣದ ದಾರ ಸುತ್ತಿದರು ಎಂದು ಹುಡುಗರು ಆಮೇಲೆ ಹೇಳುತ್ತಿದ್ದರು.

ಮೇಡಂ ಹತ್ತಿರವೂ ಅವರು ಈ ವಿಷಯ ಎತ್ತಲಿಲ್ಲ. ಮರುದಿನ ಪೇಟೆಗೆ ಹೋಗಿ ಎಡಗೈ ಕತ್ತರಿಗಾಗಿ ನಾಲ್ಕು ಅಂಗಡಿ ಅಲೆದರು. ಸಿಕ್ಕಿತು. ಅದನ್ನು ಕಡ್ಡಿಯ ಮುಂದಿಟ್ಟರು.

ಎರಡು ತಿಂಗಳ ನಂತರ ಅಭ್ಯಾಸಕ್ಕೆಂದು ಡಿಪೋದಿಂದ ಹಳೆಯ ಸೀಟುಗಳು ಬಂದವು. ಒಂದೊಂದಾಗಿ ರೆಕ್ಸಿನ್ ಬಿಚ್ಚಿ, ಸ್ಪಂಜು ಬದಲಿಸಿ, ಮತ್ತೆ ಹೊದಿಸಬೇಕು. ಕಡ್ಡಿಯ ಪಾಲಿಗೆ ಬಂದ ಸೀಟಿನಲ್ಲಿ ಒಳಗಿನಿಂದ ಬಟ್ಟೆ ಕೊಟ್ಟು ಹೊಲಿದ ಎರಡು ಉದ್ದ ಗೆರೆಗಳಿದ್ದವು. ಅವಳು ಬಹಳ ಹೊತ್ತು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಉಳಿದವರು ಊಟಕ್ಕೆ ಎದ್ದು ಹೋದ ಮೇಲೆ ಕೇಳಿದಳು.

"ಅಕ್ಕಾ, ಇದನ್ನ ಹೊಲಿಯೋಕೆ ಎಷ್ಟು ಹೊತ್ತು ಬೇಕು?"

"ನನಗಾದ್ರೆ ನಲವತ್ತು ನಿಮಿಷ."

"ಇದು ಯಾರು ಹರಿದಿದ್ದು ಅಂತ ನಿಮಗೆ ಗೊತ್ತಾ?"

"ಗೊತ್ತು."

"ಯಾವಾಗಿಂದ?"

"ನೀನು ಪಟ್ಟಿ ಕತ್ತರಿಸಿದ ದಿನದಿಂದ."

ಕಡ್ಡಿ ಬಾಗಿಲ ಕಡೆ ನೋಡಿದಳು. ಎದ್ದು ಹೋಗಲಿಲ್ಲ. "ಮತ್ತೆ ಬೈಲೇ ಇಲ್ಲ?"

"ಬೈದಿದೀನಿ ಕಣೇ. ಎರಡು ವರ್ಷ ಬಾಯಿತುಂಬ ಬೈದಿದೀನಿ. ಆಗ ನೀನು ಎದುರಿಗೆ ಇರಲಿಲ್ಲ, ಅಷ್ಟೇ. ಈಗ ಮತ್ತೆ ಮೊದಲಿಂದ ಶುರು ಮಾಡೋಕೆ ನನಗೆ ಪುರುಸೊತ್ತಿಲ್ಲ."

ಅವಳು ಅಂದು ಹೇಳಿದ್ದು ಇಷ್ಟು. ತಾಯಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಸಂಜೆ ಪಾಳಿ. ತಾಯಿ ಬರುವ ತನಕ ಮನೆಯಲ್ಲಿ ಮಲತಂದೆ ಒಬ್ಬನೇ. ದಿನವೂ ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಮನೆಗೆ ಹೋಗದೆ ಬಸ್ಸಿನ ಕೊನೆಯ ಸಾಲಿನಲ್ಲಿ ಕೂತು ಈ ನಿಲ್ದಾಣದಿಂದ ಆ ನಿಲ್ದಾಣಕ್ಕೆ, ಅಲ್ಲಿಂದ ಇಲ್ಲಿಗೆ ಓಡಾಡುತ್ತಿದ್ದಳು. ಕೈ ಸುಮ್ಮನಿರುತ್ತಿರಲಿಲ್ಲ. ಸೀಟಕ್ಕ ಮುಂದೆ ಕೆದಕಲಿಲ್ಲ. "ಊಟ ಮಾಡು ಹೋಗು," ಎಂದರು. ಮಧ್ಯಾಹ್ನ ಕಡ್ಡಿ ಆ ಸೀಟನ್ನು ಮುಗಿಸಲು ಮೂರು ಗಂಟೆ ತೆಗೆದುಕೊಂಡಳು. ಮೂಲೆ ಸರಿಯಾಗಿ ಕೂರಲಿಲ್ಲವೆಂದು ಸೀಟಕ್ಕ ಅದನ್ನು ಮತ್ತೆ ಬಿಚ್ಚಿಸಿದರು.

ತರಬೇತಿ ಮುಗಿಯುವ ಹೊತ್ತಿಗೆ ಡಿಪೋದಲ್ಲಿ ಒಂದು ಜಾಗ ಖಾಲಿಯಾಯಿತು. ಸೀಟಕ್ಕ ಫೋರ್ಮನ್ನಿಗೆ ಫೋನು ಮಾಡಿ ಕಡ್ಡಿಯ ಹೆಸರು ಹೇಳಿದರು. ಬೀಗ ಒಡೆದ ಕೇಸಿನ ಬಗ್ಗೆಯೂ ಹೇಳಿದರು. ಸೀಟಿನ ವಿಷಯ ಮಾತ್ರ ಹೊಟ್ಟೆಯಲ್ಲಿಟ್ಟುಕೊಂಡರು. ಕೆಲಸದ ಪರೀಕ್ಷೆಯಲ್ಲಿ ಹುಡುಗಿ ಒಂದು ಸೀಟನ್ನು ಒಂದು ಗಂಟೆಯೊಳಗೆ ಹೊದಿಸಿಕೊಟ್ಟಳು. ಫೋರ್ಮನ್ ಖುಷಿಯಾಗಿ, ಸುಮ್ಮನೆ ಮಾತಿಗೆ ಕೇಳಿದ: "ಸೀಟಿನ ಕೆಲಸದ ಮೇಲೆ ಯಾಕಮ್ಮ ನಿನಗೆ ಇಷ್ಟೊಂದು ಆಸಕ್ತಿ?"

"ಮೊದಲು ನಾನೇ ಹರೀತಿದ್ದೆ ಸಾರ್," ಎಂದಳು ಕಡ್ಡಿ.

ಅವಳು ಡಿಪೋದ ಗೇಟು ದಾಟುವ ಮುಂಚೆಯೇ ಸೀಟಕ್ಕನ ಫೋನು ಬಡಿದುಕೊಂಡಿತು. "ಡಾಕ್ಟ್ರನ್ನೇ ಕರ್ಕೊಂಡು ಬಂದ್ರಲ್ಲ ತಾಯಿ!" ಎಂದು ಫೋರ್ಮನ್ ಮೊದಲು ನಕ್ಕ. ಆಮೇಲೆ ದನಿ ತಗ್ಗಿಸಿದ. "ನನಗೇನೋ ಅಡ್ಡಿಯಿಲ್ಲ. ಆದ್ರೆ ಆಫೀಸಿನ ಇಬ್ಬರ ಎದುರಿಗೇ ಹೇಳಿಬಿಟ್ಟಳು. ಇನ್ನು ನನ್ನ ಕೈಲಾಗಲ್ಲ ಸೀಟಕ್ಕ."

ಸೀಟಕ್ಕನಿಗೆ ಸಿಟ್ಟು ನೆತ್ತಿಗೇರಿತು. ಕಡ್ಡಿ ಕೇಂದ್ರಕ್ಕೆ ಬಂದ ಕೂಡಲೇ ಎಲ್ಲರ ಎದುರು ಹರಿಹಾಯ್ದರು. "ಅವರು ಕೇಳದೇ ಇದ್ದಿದ್ದನ್ನ ನೀನ್ಯಾಕೆ ಬಾಯಿಬಿಟ್ಟೆ?"

"ನಿಮಗೆ ಗೊತ್ತಿದ್ರೂ ನೀವು ಇಟ್ಕೊಂಡ್ರಲ್ಲ," ಎಂದಳು ಹುಡುಗಿ. "ಅವರೂ ಹಾಗೇ ಅಂದ್ಕೊಂಡೆ."

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನ ಸೀಟಕ್ಕ ವಿಳಾಸ ಹಿಡಿದು ಹೊರಟರು. ಮೂರನೆಯ ಮಹಡಿ, ಲಿಫ್ಟ್ ಇಲ್ಲ, ಮಂಡಿ ನೋವು ಬೇರೆ. ಬಾಗಿಲು ತೆರೆದ ತಾಯಿಯ ಕೈಗಳು ಸೋಪಿನ ನೀರಿಗೆ ಬೆಂದು ಬಿಳಿಚಿಕೊಂಡಿದ್ದವು. ಒಳಗೆ ಟಿವಿ ಜೋರಾಗಿತ್ತು. ಯಾರದೋ ಕಾಲು ಮಾತ್ರ ಕಾಣುತ್ತಿತ್ತು.

"ಅವಳಿಲ್ಲ. ಗೆಳತಿ ಮನೇಲಿದಾಳೆ," ಎಂದಳು ತಾಯಿ. "ಮತ್ತೇನಾದ್ರೂ ಮಾಡಿಕೊಂಡ್ಲಾ?"

"ಏನೂ ಮಾಡಿಲ್ಲ. ನಿಜ ಹೇಳಿದ್ಲು. ನಾನು ಬೈದೆ. ತಪ್ಪು ನನ್ನದು ಅಂತ ತಿಳಿಸಿಬಿಡಿ."

ತಾಯಿ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡು ಹೊರಗೆ ಬಂದು ನಿಂತಳು. "ಇಲ್ಲಿಗೆ ಬಂದೋರಲ್ಲಿ ಕೂಗಾಡದೆ ಇರೋವ್ರು ನೀವೊಬ್ಬರೇ," ಎಂದಳು.

ಸೋಮವಾರ ಕಡ್ಡಿ ಬಂದು ತನ್ನ ಜಾಗದಲ್ಲಿ ಕೂತಳು. ಎಡಗೈ ಕತ್ತರಿ ಎತ್ತಿಕೊಂಡಳು.

ಮೇಡಂ ಬೇರೆ ಕಡೆ ಹುಡುಕಿ, ಗಾಲಿಕುರ್ಚಿ ಮತ್ತು ಆಸ್ಪತ್ರೆಯ ಮಂಚಗಳನ್ನು ದುರಸ್ತಿ ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅವಳಿಗೆ ಕೆಲಸ ಕೊಡಿಸಿದರು. ಈ ಸಲ ಸೀಟಕ್ಕ ಮಾಲೀಕರಿಗೆ ಮೊದಲೇ ಎಲ್ಲ ಹೇಳಿದರು. ಅವರು ಗಡ್ಡ ಕೆರೆದುಕೊಂಡು, "ನಮ್ಮ ಕುರ್ಚಿ ಹರಿದ್ರೆ ಅವಳೇ ಹೊಲೀಬೇಕಲ್ಲ, ಬರ್ಲಿ," ಎಂದರು. ಎರಡನೆಯ ವಾರ ಅವಳು ಮೂರು ದಿನ ತಡವಾಗಿ ಹೋದಳು. ಇನ್ನೊಂದು ಸಲ ತಡವಾದರೆ ಬರುವುದೇ ಬೇಡ ಎಂದರು ಮಾಲೀಕರು. ಅಂದಿನಿಂದ ದಿನವೂ ಬೆಳಿಗ್ಗೆ ಆರೂವರೆಗೆ ಮೇಡಂ ಅವಳಿಗೆ ಫೋನು ಮಾಡಿ ಎಬ್ಬಿಸಿದರು. ಐದು ತಿಂಗಳು. ಕೇಂದ್ರದ ವರದಿಯಲ್ಲಿ ಇದಕ್ಕೆ 'ಮುಂದುವರಿದ ಬೆಂಬಲ' ಎಂದು ಬರೆದಿದೆ.

ಆ ತಂಡದ ಹನ್ನೊಂದು ಜನರಲ್ಲಿ ನಾಲ್ವರು ಇದೇ ಕಸುಬಿನಲ್ಲಿ ಉಳಿದರು. ಇಬ್ಬರು ಮತ್ತೆ ಜೈಲು ಕಂಡರು. ಉಳಿದವರು ಬೇರೆ ಬೇರೆ ದಾರಿ ಹಿಡಿದರು. ಒಬ್ಬ ಫೋನು ಎತ್ತುವುದಿಲ್ಲ. ಯಾರಾದರೂ ಕೇಳಿದರೆ ಸೀಟಕ್ಕ ಈ ಲೆಕ್ಕವನ್ನು ಏರಿಸದೆ ಇಳಿಸದೆ ಹೇಳುತ್ತಿದ್ದರು. ಮೂರು ತಿಂಗಳಿಗೆಂದು ಬಂದವರು ನಾಲ್ಕು ವರ್ಷ ಕಲಿಸಿದರು. ಕಣ್ಣಿಗೆ ಪೊರೆ ಬಂದ ಮೇಲೆ ಬಿಟ್ಟರು.

ಹೋದ ವರ್ಷ ಕಡ್ಡಿ ವರ್ಕ್‌ಶಾಪಿನ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಒಂದು ಭಾನುವಾರ ತಾಯಿ ಎರಡು ಚೀಲಗಳಲ್ಲಿ ತನ್ನ ಬಟ್ಟೆ ತುಂಬಿಕೊಂಡು ಅಲ್ಲಿಗೇ ಬಂದುಬಿಟ್ಟಳು. ಸಾಮಾನು ಸಾಗಿಸಲು ಜನ ಸಾಲದೆಂದು ಸೀಟಕ್ಕನ ಅಳಿಯನನ್ನು ಕರೆದಿದ್ದರು. ಜೊತೆಗೆ ಸೀಟಕ್ಕನೂ ಬಂದರು. ತಾಯಿ, ಮಗಳು ಸೇರಿ ಹೊಸ ಹಾಸಿಗೆಯನ್ನು ಮೆಟ್ಟಿಲ ಮೇಲೆ ಎಳೆಯುತ್ತಿದ್ದರು. ಸೀಟಕ್ಕ ಕೆಳಗೆ ನಿಂತು, ಕನ್ನಡಕ ಸರಿಮಾಡಿಕೊಂಡು, ಹಾಸಿಗೆಯ ಅಂಚನ್ನು ಬೆರಳಿನಿಂದ ಒತ್ತಿ ನೋಡಿದರು.

"ಯಾವ ಅಂಗಡೀದೇ ಇದು? ಹೊಲಿಗೆ ಆರು ತಿಂಗಳೂ ಬಾಳಲ್ಲ."

"ಮೇಲೆ ತಲುಪಲಿ ಅಕ್ಕಾ," ಎಂದಳು ಕಡ್ಡಿ, ಏದುಸಿರು ಬಿಡುತ್ತ. "ಆಮೇಲೆ ಬಿಚ್ಚಿ ಹೊಲೀತೀನಿ. ನೀವು ದಾರಿ ಬಿಡಿ."

ಸೀಟಕ್ಕ ಗೋಡೆಗೆ ಸರಿದು ದಾರಿ ಬಿಟ್ಟರು.