ಜಡ್ಜ್ ಸಾಹೇಬರ ಉಪವಾಸ

ನೊರೀನ್ ಕ್ವಿಲ್ಟಿ ಬಾಯಿ ಮುಚ್ಚಿಕೊಂಡಿದ್ದದ್ದನ್ನು ಆ ಊರಿನಲ್ಲಿ ಕಂಡವರಿಲ್ಲ. ಬಂದರಿನ ಷೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಮೀನು ಹೆರೆದಾಗಲೂ ಚಾಕುವಿಗಿಂತ ನಾಲಿಗೆಯೇ ಮುಂದು. ಸೊಂಟ ಹಿಡಿದುಕೊಂಡ ಮೇಲೆ ಕಡಲ ದಂಡೆಯ ಅಕ್ವೇರಿಯಂನಲ್ಲಿ ಮೀನುಗಳಿಗೆ ಊಟ ಹಾಕುವ ಕೆಲಸಕ್ಕೆ ಸೇರಿದಳು. ಸತ್ತ ಮೀನುಗಳಿಗೆ ಹೇಳುತ್ತಿದ್ದ ಊರ ಸುದ್ದಿಯನ್ನು ಇನ್ನು ಬದುಕಿದ ಮೀನುಗಳಿಗೆ ಹೇಳುವುದು. ನಮ್ಮಂಥವರಿಗೆ ಸಿಕ್ಕಿದ ಬಡ್ತಿಗಳನ್ನು ನೆನೆದರೆ ಇದೇ ವಾಸಿ.

ಅಂಥವಳ ಕೈಗೆ ಬಂತು ಜಡ್ಜ್. ಉತ್ತರದ ಊರೊಂದರಲ್ಲಿ ಮುಚ್ಚಿಹೋದ ಅಕ್ವೇರಿಯಂನಿಂದ ನೀರಿನ ಲಾರಿಯಲ್ಲಿ ಒಂಬತ್ತು ತಾಸು ಪ್ರಯಾಣ ಮಾಡಿ ಬಂದ ಗ್ರೋಪರ್ ಮೀನು. ಎರಡು ಮೀಟರು ಉದ್ದ, ಎರಡೂವರೆ ಕ್ವಿಂಟಲ್ ತೂಕ, ಎದುರಿಗಿದ್ದವರಿಗೆಲ್ಲ ಶಿಕ್ಷೆ ವಿಧಿಸಲು ಕೂತಂಥ ಮೋರೆ. ಇಳಿಸಿದ ದಿನ ಕೊಳದ ಮೂಲೆಯ ಸಿಮೆಂಟ್ ಕೊಳವೆಯೊಳಗೆ ಹೊಕ್ಕದ್ದು, ಮೂವತ್ತು ದಿನ ದಾಟಿದರೂ ಒಂದು ತುತ್ತು ಮುಟ್ಟಿರಲಿಲ್ಲ. ಹೊಟ್ಟೆ ಒಳಕ್ಕೆ ಹೋಗಿತ್ತು.

ಮಾಡದ ಉಪಚಾರವಿಲ್ಲ. ದೀಪ ಮಂದ ಮಾಡಿದರು. ಗಾಜಿಗೆ ಕಾಗದ ಅಂಟಿಸಿದರು. ಕೀಟಲೆಯ ಮೀನುಗಳನ್ನು ಬೇರೆ ತೊಟ್ಟಿಗೆ ಸಾಗಿಸಿದರು. ಹಳೆಯ ಅಕ್ವೇರಿಯಂನಲ್ಲಿ ಹತ್ತೊಂಬತ್ತು ವರ್ಷ ಅದನ್ನು ಸಾಕಿದ್ದ ಕ್ಲೆಮ್ ಎರಡು ಪುಟ ಬರೆದು ಕಳಿಸಿದ್ದ: ಮುಲೆಟ್ ಮೀನೇ ಆಗಬೇಕು, ಉದ್ದ ಇಕ್ಕಳದಲ್ಲಿ, ತಲೆ ಮುಂದಾಗಿ, ಬಲಗಡೆಯಿಂದ. ನೊರೀನ್ ಒಂದಕ್ಷರ ತಪ್ಪಲಿಲ್ಲ. ಅಲ್ಲಿನ ಸಮಸ್ತ ಮೀನುಗಳ ಊಟದ ಹೊತ್ತಾದ ಮಧ್ಯಾಹ್ನ ಎರಡಕ್ಕೆ, ಕೊಳದ ಮೇಲಿನ ಕಬ್ಬಿಣದ ಅಟ್ಟಣಿಗೆಯಲ್ಲಿ ಮಂಡಿಯೂರಿ ದಿನವೂ ಅಂಗಲಾಚಿದಳು. ದಿನವೂ ಅರ್ಜಿ ವಜಾ ಆಯಿತು.

ಗುರುವಾರ ಬೆಳಿಗ್ಗೆ ಅಕ್ವೇರಿಯಂ ನೋಡಿಕೊಳ್ಳುವ ಡೆಸ್ಮಂಡ್ ಬಂದು ನಿಂತ.

"ನಾಳೆ ಡಾಕ್ಟರಮ್ಮ ಬರ್ತಾಳೆ ನೊರೀನ್. ಮತ್ತಿನ ಔಷಧಿ ಕೊಟ್ಟು ಗಂಟಲಿಗೆ ನಳಿಗೆ ಇಳಿಸ್ತಾಳಂತೆ."

"ಈ ವಯಸ್ಸಲ್ಲಿ ಮತ್ತು ಕೊಟ್ರೆ ಅದು ಏಳುತ್ತಾ?"

"ಏಳದೇನೂ ಇರಬಹುದು ಅಂದ್ಲು. ತಿನ್ನದೇ ಇದ್ರೂ ಏಳಲ್ವಲ್ಲ ಮಾರಾಯ್ತಿ. ನೀನು ಸ್ವಲ್ಪ ಮಾತು ಕಮ್ಮಿ ಮಾಡಿದ್ರೆ ತಿಂತಿತ್ತೇನೋ."

"ನಿನ್ನ ಮುಖ ನೋಡಿ ಹಸಿವು ಸತ್ತಿರಬೇಕು ಬಿಡು. ನಂಗೇ ಸಾಯುತ್ತೆ."

ಹೀಗೆ ತಿರುಗಿ ಕೊಟ್ಟಳೇನೋ ಸರಿ, ಆದರೆ ಮಾತು ನಾಟಿತು. ತನ್ನ ಹರಟೆಯೇ ಒಂದು ಜೀವವನ್ನು ಕೊಲ್ಲುತ್ತಿದೆಯೇ? ಆರನೆಯ ಸಲ ಕ್ಲೆಮ್‌ಗೆ ಫೋನ್ ಮಾಡಿದಳು.

"ಊಟ ಹಾಕೋವಾಗ ನೀನು ಮಾತಾಡ್ತಿದ್ಯೋ, ಸುಮ್ನಿರ್ತಿದ್ಯೋ?"

"ಬಾಯ್ತುಂಬ ಮಾಂಸದ ಪೈ ಇಟ್ಕೊಂಡು ಏನಂತ ಮಾತಾಡ್ಲಿ?"

"ಯಾವ ಪೈ?"

"ಸ್ಮೋಕೋ ಹೊತ್ತಲ್ವಾ? ಹತ್ತು ಗಂಟೆ ಚಹಾದ ಬಿಡುವು. ಅದರ ತಲೆ ಮೇಲೇ ಕೂತು ಪೈ ತಿಂದು, ಮಗ್ ಕೆಳಗಿಟ್ಟು, ಆಮೇಲೆ ಅದಕ್ಕೆ ಹಾಕ್ತಿದ್ದೆ."

"ಎರಡು ಪುಟದಲ್ಲಿ ಇದೊಂದು ಬರೀಲಿಲ್ವಲ್ಲೋ ಪುಣ್ಯಾತ್ಮ."

"ಸ್ಮೋಕೋನ ಯಾರಾದ್ರೂ ಬರೀತಾರಾ? ಉಸಿರಾಡ್ತಿದ್ದೆ ಅಂತಾನೂ ಬರೀಬೇಕಿತ್ತಾ?"

ನೊರೀನ್ ಫೋನ್ ಇಟ್ಟಳು. ದೋಣಿ ಮುಳುಗುತ್ತಿದ್ದರೂ ಸ್ಮೋಕೋ ಮುಗಿಸಿಯೇ ಏಳುವ ಜನರ ಪೈಕಿ ಅವಳೂ ಒಬ್ಬಳು. ಈ ಮೂವತ್ತು ದಿನವೂ ಹತ್ತು ಗಂಟೆಗೆ ಸರಿಯಾಗಿ ಹಿಂದಿನ ಕೋಣೆಯಲ್ಲಿ ಚಹಾ ಹೀರುತ್ತ, ಮೀನು ತಿನ್ನುತ್ತಿಲ್ಲವೆಂದು ಎಲ್ಲರೆದುರು ಗೋಳಾಡಿದ್ದಳು. ಅದೇ ಹೊತ್ತಿಗೆ ಅದು ಕೊಳವೆಯೊಳಗಿಂದ ಮೇಲಕ್ಕೆ ನೋಡುತ್ತ, ಯಾರಾದರೂ ಬಂದು ಕೂತಾರೆಂದು ಕಾದಿತ್ತೇನೋ.

ಹತ್ತಕ್ಕೆ ಐದು ನಿಮಿಷವಿತ್ತು. ಚಹಾದ ಮಗ್, ಮಾಂಸದ ಪೈ, ಮುಲೆಟ್ ತುಂಬಿದ ಬಕೆಟ್ಟು ಹಿಡಿದು ಅಟ್ಟಣಿಗೆ ಹತ್ತಿದಳು. ಪೈ ನಾಲಿಗೆ ಸುಟ್ಟಿತು. ತುಟಿ ಪಿಟಕ್ಕೆನ್ನದೆ ತಿಂದು ಮುಗಿಸಿ, ಮಗ್ಗನ್ನು ಕಬ್ಬಿಣದ ಮೇಲಿಟ್ಟಳು. ಠಣ್ ಎಂದಿತು.

ಕೊಳವೆಯ ಬಾಯಲ್ಲಿದ್ದ ಕತ್ತಲು ಕದಲಿತು. ನೆರಳೆಂದು ತಿಳಿದದ್ದು ತಲೆಯಾಗಿತ್ತು. ಮೀನು ಇಲ್ಲಿಗೆ ಮುಗಿಯಿತು ಎಂದುಕೊಂಡಲ್ಲಿ ಅದು ಇನ್ನೂ ಬರುತ್ತಲೇ ಇತ್ತು. ರೆಕ್ಕೆ ಆಡಿದ್ದು ಕಾಣಲಿಲ್ಲ, ನೀರೇ ಅದನ್ನು ಹೊತ್ತು ತಂದಂತಿತ್ತು. ಅವಳ ಬೂಟಿನ ಕೆಳಗೆ ನಿಂತು, ಗೋಲಿಯಂಥ ಕಣ್ಣನ್ನು ನಿಧಾನವಾಗಿ ಹೊರಳಿಸಿ ಮೊದಲು ಮಗ್ಗನ್ನು ನೋಡಿತು, ಆಮೇಲೆ ಅವಳನ್ನು. ಲಕ್ಷಗಟ್ಟಲೆ ಮೀನು ಹೆರೆದವಳು ಅವಳು. ಒಂದು ಮೀನು ತನ್ನನ್ನು ನೋಡಿದ್ದು ಇದೇ ಮೊದಲು.

ಇಕ್ಕಳ ಇಳಿಸಿದಳು. ಅದು ಕಚ್ಚಲಿಲ್ಲ. ಬರೀ ಬಾಯಿ ತೆರೆಯಿತು, ಅಲ್ಲಿದ್ದ ನೀರೆಲ್ಲ ಮುಲೆಟ್ ಸಮೇತ ಒಳಗೆ ಬಿತ್ತು. ಧೊಂ ಎಂಬ ಸದ್ದು ಕಬ್ಬಿಣ ಹತ್ತಿ ಅವಳ ಎಲುಬುಗಳಲ್ಲಿ ನಿಂತಿತು.

ಬಾಗಿಲಲ್ಲಿ ಡೆಸ್ಮಂಡ್ ಪಿಸುಗುಟ್ಟಿದ. "ಡಾಕ್ಟರಮ್ಮಂಗೆ ಬರೋದು ಬೇಡ ಅಂತ ಹೇಳ್ಲಾ?"

"ಹೇಳು. ನಾಳೆಯಿಂದ ನನ್ನ ಸ್ಮೋಕೋ ಇಲ್ಲೇ."

ಜಡ್ಜ್ ಹೋಗಿರಲಿಲ್ಲ. ಕಿಟಕಿಯ ಬಾಗಿಲುಗಳಂಥ ಕಿವಿರುಗಳು ಅವಳ ಕಾಲ ಕೆಳಗೆ ತೆರೆದು ಮುಚ್ಚುತ್ತಿದ್ದವು. ನೊರೀನ್ ಬಕೆಟ್ಟಿಗೆ ಕೈ ಹಾಕಿ, ಎರಡನೆಯ ಮೀನನ್ನು ಆರಿಸತೊಡಗಿದಳು. ಇದ್ದುದರಲ್ಲಿ ಚೆನ್ನಾಗಿರುವುದನ್ನು.