ಗಂಜಣಿ ಕೊಯ್ಯುತ್ತಿದ್ದ ದೊಡ್ಡವ್ವ

ದೊಡ್ಡವ್ವನ ಎಡಗಿವಿಯ ಮೇಲರ್ಧ ಇರಲಿಲ್ಲ. ಅಲ್ಲಿಂದ ದವಡೆಯವರೆಗೆ, ಗೋಣಿಚೀಲಕ್ಕೆ ಹಾಕಿದ ಒರಟು ಹೊಲಿಗೆಯಂಥ ಗಾಯದ ಗೆರೆ. ಮದುವೆಯಾದ ಹೊಸದರಲ್ಲಿ ಕರಡಿ ಹೊಡೆದದ್ದು. ಕೂಡ್ಲಿಗಿ ಕಡೆಯ ಹಳ್ಳಿಯೊಂದರ ಶಾಲೆಗೆ ನಾನು ಟೀಚರಾಗಿ ಹೋದಾಗ ಅವರು ಪಕ್ಕದ ಮನೆಯಲ್ಲಿದ್ದರು. ಊರಿಗೆಲ್ಲ ದೊಡ್ಡವ್ವ, ನನಗೂ.

ಗುಡ್ಡದ ಬಯಲಿನಲ್ಲಿ ತಾನೇ ಬೆಳೆಯುವ ಗಂಜಣಿ ಹುಲ್ಲನ್ನು ಕೊಯ್ದು, ಹಗರಿಬೊಮ್ಮನಹಳ್ಳಿಯ ಸಾಬರೊಬ್ಬರ ಎಣ್ಣೆ ಭಟ್ಟಿಗೆ ಕಳಿಸುವುದು ಅವರ ಕೆಲಸ. ಮಳೆಗಾಲ ಮುಗಿದು ತೆನೆ ಕೆಂಪಾಗುವ ಹೊತ್ತಿಗೆ ಅದು ಆಳೆತ್ತರ ನಿಲ್ಲುತ್ತದೆ. ಬಲಿತ ಹುಲ್ಲನ್ನು ದನಗಳು ಮೂಸಿ ಬಿಟ್ಟುಹೋಗುತ್ತವೆ. ಒಂದೆಲೆ ಹೊಸಕಿದರೆ ಸಾಕು, ಗುಲಾಬಿಯಂಥದ್ದೇ, ಆದರೆ ತುಸು ಘಾಟಿನ ವಾಸನೆ ಬೆರಳಿಗೆ ಹತ್ತಿಕೊಳ್ಳುತ್ತದೆ. ದೊಡ್ಡವ್ವನ ಸೀರೆ, ಅವರು ಕೊಡುವ ರೊಟ್ಟಿ, ಎಲ್ಲದರಲ್ಲೂ ಆ ವಾಸನೆ.

ಮಕ್ಕಳಿಗೆ ತೋರಿಸಲು ಬೇರುಸಹಿತ ಒಂದು ಬುಡ ತರುತ್ತೇನೆ, ನಾನೂ ಬರುತ್ತೇನೆ ಎಂದು ಹದಿನೈದು ದಿನ ಕಾಡಿದೆ. ಬೇಡವೆನ್ನುತ್ತಲೇ ಇದ್ದವರು ಒಂದು ದಿನ ಬಿಸಿಲೇರಿದ ಮೇಲೆ ಕರೆದುಕೊಂಡು ಹೋದರು.

ಹುಲ್ಲಿನೊಳಗೆ ಕಾಲಿಡುವ ಮುನ್ನ ನಿಂತು ಹೇಳಿದರು: "ಇದರಾಗ ಮೂಗು ಕೆಲಸಕ್ಕ ಬರಂಗಿಲ್ರಿ ಟೀಚರ. ವಾಸನಿ ಎಲ್ಲಾ ಮುಚ್ಚಿಬಿಡತೈತಿ. ಕಣ್ಣಿಗೂ ಏನೂ ಕಾಣಂಗಿಲ್ಲ. ಕಿವಿ ಒಂದ ನಂಬ್ರಿ."

ಕರಡಿಯಿದ್ದರೆ ಸರಿದುಹೋಗಲಿ ಎಂದು ಹತ್ತು ಹೆಜ್ಜೆಗೊಮ್ಮೆ ನಿಂತು ಜೋರಾಗಿ ಕೆಮ್ಮುತ್ತಿದ್ದರು. ನನಗದು ಅತಿ ಅನ್ನಿಸಿತು. ಅವರು ಕುಡುಗೋಲು ಹಿಡಿದು ಬಗ್ಗಿದಾಗ, ಫೋನಿನಲ್ಲಿ ಫೋಟೊ ತೆಗೆಯುತ್ತಾ ದೂರ ಸರಿದೆ.

ಆಗ ಯಾರೋ ಬಿಸಿ ಚಹಾ ಹೀರಿದಂತೆ ದೊಡ್ಡ ಸದ್ದು. ಹುಲ್ಲು ಸರಿಸಿದೆ. ಹತ್ತು ಮಾರು ದೂರದ ಹುತ್ತಕ್ಕೆ ಮೂತಿಯಿಟ್ಟು ಕರಡಿಯೊಂದು ಗೆದ್ದಲು ಹೀರುತ್ತಿತ್ತು. ನಾನು ನಿಂತಲ್ಲೇ ನಿಂತೆ.

ಹಿಂದಿನಿಂದ ಒಂದು ಕೈ ನನ್ನ ಮುಂಗೈ ಹಿಡಿಯಿತು. ದೊಡ್ಡವ್ವ ನನ್ನನ್ನು ಬೆನ್ನ ಹಿಂದೆ ಮಾಡಿಕೊಂಡು ಕರಡಿಗೆ ಮುಖ ಕೊಟ್ಟು ನಿಂತರು. ಅದು ಹೀರಿದಾಗ ಒಂದು ಹೆಜ್ಜೆ ಹಿಂದಕ್ಕೆ. ಸದ್ದು ನಿಂತರೆ ನಾವೂ ಕಲ್ಲು. ಒಮ್ಮೆ ಅದು ತಲೆಯೆತ್ತಿ ನಮ್ಮ ಕಡೆ ಬಹಳ ಹೊತ್ತು ನೋಡಿತು. ಮತ್ತೆ ಹೀರತೊಡಗಿತು. ಬಯಲು ದಾಟಿ ಕಾಲುದಾರಿಗೆ ಬಿದ್ದಾಗ ನೋಡಿದೆ, ಅವರ ಸೀರೆ ತೊಡೆಯಿಂದ ಕೆಳಗೆ ಒದ್ದೆಯಾಗಿತ್ತು. ಅದನ್ನು ಅವರು ಮರೆಮಾಡಲಿಲ್ಲ.

"ನಿಮಗಿಂತ ನನಗ ಜಾಸ್ತಿ ಅಂಜಿಕಿ ಆತ್ರಿ," ಅಂದರು. "ಅದರ ಉಗುರು ನನಗ ಗೊತ್ತೈತಿ."

ಆಮೇಲೆ ಅವರು ಗುಡ್ಡಕ್ಕೆ ಹೋಗಲಿಲ್ಲ. ಮೊಣಕಾಲು ನೋವು ಎಂದು ಊರಿಗೆಲ್ಲ ಹೇಳಿದರು, ನನಗೂ. ಕರಡಿಯ ವಿಷಯ, ನಾನು ದೂರ ಸರಿದ ವಿಷಯ ಯಾರ ಮುಂದೆಯೂ ಎತ್ತಲಿಲ್ಲ. ಬೇರೆಯವರ ಶೇಂಗಾ ಹೊಲಕ್ಕೆ ಕೂಲಿಗೆ ಹೋಗತೊಡಗಿದರು. ನಾನು ಭಟ್ಟಿಯಿಂದ ಗಂಜಣಿ ಎಣ್ಣೆ ತರಿಸಿದೆ. ಕೀಲುನೋವಿಗೆ ಅದು ಒಳ್ಳೆಯದು. ಪ್ರತಿ ಭಾನುವಾರ ಅವರ ಕಾಲಿಗೆ ನಾನೇ ತಿಕ್ಕುತ್ತಿದ್ದೆ. ಬಾಟಲಿಯ ಮುಚ್ಚಳ ತೆಗೆಯುತ್ತಲೇ ಅವರು ಕಣ್ಣು ಮುಚ್ಚುತ್ತಿದ್ದರು. ಕಾಲು ನಡುಗುತ್ತಿತ್ತು. ನೋವಿಗೆ ಎಂದುಕೊಂಡು ಇನ್ನಷ್ಟು ಮೆಲ್ಲಗೆ ತಿಕ್ಕುತ್ತಿದ್ದೆ.

ಕಳೆದ ವರ್ಷ ಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡರು. ಕೊಟ್ಟೂರಿನಿಂದ ಬಂದ ಮಗಳು ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು: "ಅವ್ವಗ ಮೊಣಕಾಲು ಏನೂ ಆಗಿರಲಿಲ್ರಿ. ಆ ಹುಲ್ಲಿನ ವಾಸನಿ ಬಂದ್ರ ಸಾಕು, ಜೀವ ಹೋದಂಗ ನಡುಗ್ತಿದ್ಲು. ಟೀಚರಿಗೆ ಹೇಳಬ್ಯಾಡ, ನೊಂದ್ಕೊತಾರ ಅಂತಿದ್ಲು."